ಫೋನು ಅವಸರ ಮಾಡಿದಾಗ ನೀವು ಅವಸರ ಮಾಡಕೂಡದು: ಉತ್ತರ ಬೆಂಗಳೂರಿನವರಿಗೆ ಒಂದು ಸೂಚನೆ

ಈ ಸೂಚನೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಆಸುಪಾಸಿನಲ್ಲಿ ಅಂಗಡಿ ಇಟ್ಟವರಿಗೆ, ಅಪಾರ್ಟ್‌ಮೆಂಟು-ಬಡಾವಣೆಗಳ ವಾಟ್ಸ್ಆ್ಯಪ್ ಗ್ರೂಪ್ ನಡೆಸುವವರಿಗೆ, ರೀಲ್ಸ್ ಮಾಡುವ ಹುಡುಗ ಹುಡುಗಿಯರಿಗೆ, ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇದ್ದು ಫೋನ್ ಎತ್ತುವ ಹಿರಿಯರಿಗೆ. ಓದಿ ಮಡಚಿಡಲು ಅಲ್ಲ, ಪಾಲಿಸಲು ಬರೆದದ್ದು. ಫೋನಿನಿಂದ ಕಳೆದುಹೋದ ದುಡ್ಡು, ಕೆಟ್ಟುಹೋದ ಹೆಸರು, ಹೋದ ಪ್ರಾಣ, ಇವುಗಳ ಹಿಂದೆ ಹೋಗಿ ನೋಡಿದರೆ ಹೆಚ್ಚಿನ ಕಡೆ ಸಿಗುವುದು ಅವಸರ. ಈಗಲೇ ಒತ್ತಿ, ಈಗಲೇ ಕಳಿಸಿ, ಈಗಲೇ ಬನ್ನಿ ಎಂದು ಯಾರೋ ಹೇಳಿರುತ್ತಾರೆ, ಯಾರೋ ಕೇಳಿರುತ್ತಾರೆ. ಕೆಳಗಿನ ಎಲ್ಲ ಮಾತಿಗೂ ಬುಡ ಅದೊಂದೇ.

ಅಂಗಡಿ, ಗಾಡಿ, ಹೋಟೆಲಿನವರಿಗೆ

ಸಂಜೆ ಏಳರ ಹೊತ್ತಿಗೆ ಯಲಹಂಕ ಉಪನಗರದ ಯಾವುದಾದರೂ ಚಾಟ್ಸ್ ಗಾಡಿಯ ಪಕ್ಕ ನಿಂತು ನೋಡಿ. ಮಾಡುವವರ ಎಡಗೈಯಲ್ಲಿ ಮಸಾಲೆಪುರಿ ತಟ್ಟೆ, ಬಲಗೈಯಲ್ಲಿ ಸೌಟು. ಎದುರಿಗೆ ಐದಾರು ಜನ ಒಟ್ಟಿಗೆ ಸ್ಕ್ಯಾನ್ ಮಾಡುತ್ತಿರುತ್ತಾರೆ. ಒಬ್ಬ ‘ಅಣ್ಣಾ, ಆಯ್ತು’ ಅಂತ ಸ್ಕ್ರೀನ್ ತೋರಿಸಿ ಹೊರಟೇಬಿಡುತ್ತಾನೆ. ಹಸಿರು ಟಿಕ್ ಇದೆ, ಮೊತ್ತ ಇದೆ, ಅಂಗಡಿಯ ಹೆಸರೂ ಇದೆ. ಖಾತೆಗೆ ಮಾತ್ರ ಏನೂ ಬಂದಿಲ್ಲ. ಹಣ ಹೋದಂತೆಯೇ ತೋರಿಸುವ ನಕಲಿ ಆ್ಯಪ್‌ಗಳಿವೆ, ನಿನ್ನೆಯ ಸ್ಕ್ರೀನ್‌ಶಾಟ್ ತೋರಿಸುವವರೂ ಇದ್ದಾರೆ. ಹಾಗಾಗಿ ಗಿರಾಕಿಯ ಪರದೆಯನ್ನು ನಂಬಬೇಡಿ. ನಿಮ್ಮ ಸೌಂಡ್‌ಬಾಕ್ಸ್ ಮೊತ್ತ ಕೂಗಬೇಕು, ಇಲ್ಲವೇ ನಿಮ್ಮ ಫೋನಿಗೆ ಸಂದೇಶ ಬರಬೇಕು. ಗದ್ದಲದಲ್ಲಿ ಕೇಳಿಸದಿದ್ದರೆ ಪೆಟ್ಟಿಗೆಯ ಧ್ವನಿ ಜೋರು ಮಾಡಿ, ಭಾಷೆ ಕನ್ನಡಕ್ಕೆ ಬದಲಿಸಿಕೊಳ್ಳಿ. ಗಿರಾಕಿ ಬೇಸರ ಮಾಡಿಕೊಂಡಾರೆಂಬ ದಾಕ್ಷಿಣ್ಯ ಬೇಡ. ಗಿರಾಕಿಗಳೂ ಪೆಟ್ಟಿಗೆ ಕೂಗುವವರೆಗೆ ಅರೆಗಳಿಗೆ ನಿಲ್ಲಬೇಕು. ದಿನವಿಡೀ ನಿಂತು ದುಡಿಯುವವರಿಗೆ ಅಷ್ಟು ಮರ್ಯಾದೆ ಸಲ್ಲಬೇಕಾದದ್ದೇ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಿಮ್ಮ ಕ್ಯೂಆರ್ ಚೀಟಿಯ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಅದರ ಮೇಲೆ ಬೇರೆಯವರ ಚೀಟಿ ಅಂಟಿಸಿ ಹೋಗುವ ಕಳ್ಳತನ ಹೊಸದಲ್ಲ. ಒಂದು ರೂಪಾಯಿ ಕಳಿಸಿ, ಪರದೆಯ ಮೇಲೆ ಯಾರ ಹೆಸರು ಬರುತ್ತದೆ ಅಂತ ಓದಿ.

ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಈ ಒಂದು ಮಾತನ್ನು ಅಂಗಡಿಯ ಹುಡುಗರಿಗೆಲ್ಲ ಬಾಯಿಪಾಠ ಮಾಡಿಸಿ. ಪಿನ್ ಕೇಳಿತು ಅಂದರೆ ದುಡ್ಡು ನಿಮ್ಮಿಂದ ಹೋಗುತ್ತಿದೆ ಅಂತಲೇ ಅರ್ಥ. ‘ಸೇನೆಯಿಂದ ಮಾತಾಡ್ತಿದ್ದೀನಿ, ನೂರು ಪ್ಲೇಟ್ ಆರ್ಡರ್ ಇದೆ, ಅಡ್ವಾನ್ಸ್ ಕಳಿಸ್ತೀನಿ, ಇದನ್ನ ಸ್ಕ್ಯಾನ್ ಮಾಡಿ’ ಎನ್ನುವ ಕರೆ ಬಂದರೆ ಮಾತು ಬೆಳೆಸದೆ ಇಟ್ಟುಬಿಡಿ. ಯಲಹಂಕದಲ್ಲಿ ವಾಯುಪಡೆಯ ನೆಲೆ, ಜಾಲಹಳ್ಳಿಯಲ್ಲೂ ವಾಯುಪಡೆಯವರು ಇರುವುದರಿಂದ ಇಂಥ ಸುಳ್ಳು ನಮ್ಮ ಕಡೆ ಬೇಗ ನಾಟುತ್ತದೆ. ಇಬ್ಬರ ನಡುವೆ ನಡೆಯುತ್ತಿದ್ದ ‘ಹಣ ಕೇಳುವ’ ಕೋರಿಕೆಯನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಆದರೂ ಮೋಸದ ಕ್ಯೂಆರ್ ಚಿತ್ರಗಳು ವಾಟ್ಸ್ಆ್ಯಪ್‌ನಲ್ಲಿ ಬರುವುದು ನಿಂತಿಲ್ಲ.

ಇನ್ನು ಲೆಕ್ಕದ ವಿಚಾರ. 2025ರ ಜುಲೈ ತಿಂಗಳನ್ನು ನಮ್ಮ ಬೇಕರಿಯವರು, ಕಾಂಡಿಮೆಂಟ್ಸ್‌ನವರು ಮರೆತಿರಲಾರರು. ಯುಪಿಐ ಮೂಲಕ ಬಂದ ಹಣವನ್ನು ಒಟ್ಟು ಹಾಕಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿತು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟು ಕಂಡ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟಿ ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಕೆಲವೇ ದಿನಗಳಲ್ಲಿ ಊರ ತುಂಬ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಂಡವು, ಕೆಲವರು ಹಾಲು ಮಾರುವುದನ್ನೂ ನಿಲ್ಲಿಸಿ ಪ್ರತಿಭಟಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದ ಮೇಲೆ ಕಾವು ಇಳಿಯಿತು.

‘ನಗದು ಮಾತ್ರ’ ಎಂಬ ಆ ಚೀಟಿಯನ್ನು ಮತ್ತೆ ಅಂಟಿಸಬೇಡಿ. ನಗದಿಗೆ ಓಡಿದರೆ ಲೆಕ್ಕದಿಂದ ತಪ್ಪಿಸಿಕೊಂಡಂತಲ್ಲ, ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸಿದಂತೆ. ಮಾಡಬೇಕಾದದ್ದು ಬೇರೆ. ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ ಇಟ್ಟುಕೊಳ್ಳಿ. ತಂಗಿಯ ಮದುವೆಗೆ ಬಂದ ಕೈಸಾಲ, ಚೀಟಿಯ ದುಡ್ಡು, ಊರಿಂದ ಅಪ್ಪ ಕಳಿಸಿದ್ದು, ಇವೆಲ್ಲ ಅಂಗಡಿಯ ಕ್ಯೂಆರ್‌ಗೆ ಬಂದು ಬಿದ್ದರೆ ಇಲಾಖೆಯ ಕಣ್ಣಿಗೆ ಅದೂ ವ್ಯಾಪಾರವೇ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕಿನ ಖರೀದಿ ಚೀಟಿಗಳನ್ನು ಬೇರೆ ಕಟ್ಟಿಡಿ. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ದಾಟುವ ಹೊತ್ತಿಗೇ ಲೆಕ್ಕ ಬರೆಯುವವರ ಹತ್ತಿರ ಹೋಗಿ, ನೋಟಿಸು ಬಂದ ಮೇಲಲ್ಲ.

ಗೂಗಲ್ ಮ್ಯಾಪಿನಲ್ಲಿ ನಿಮ್ಮ ಅಂಗಡಿಯ ಹೆಸರು ಹುಡುಕಿ, ಅಲ್ಲಿರುವ ಫೋನ್ ನಂಬರು ನಿಮ್ಮದೇ ಹೌದಾ ನೋಡಿ. ಅದನ್ನು ತಿದ್ದಲು ಹೊರಗಿನವರೂ ಸೂಚಿಸಬಹುದು, ವಂಚಕರು ತಮ್ಮ ನಂಬರು ಹಾಕಿಬಿಡುತ್ತಾರೆ. ಹೆಸರನ್ನು ಕನ್ನಡದಲ್ಲೂ ಹಾಕಿ. ದುಡ್ಡು ಕೊಟ್ಟು ಐದು ನಕ್ಷತ್ರದ ವಿಮರ್ಶೆ ಬರೆಸಬೇಡಿ, ಎದುರಿನ ಅಂಗಡಿಗೆ ಒಂದು ನಕ್ಷತ್ರ ಹಾಕಿಸಲೇಬೇಡಿ. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೋ 2022ರಲ್ಲೇ ಮಾನದಂಡ ಹೊರಡಿಸಿದೆ. ಅದು ಹಾಗಿರಲಿ, ಒಂದೇ ಬೀದಿಯಲ್ಲಿ ಬದುಕುವವರ ಹೊಟ್ಟೆಯ ಮೇಲೆ ಸುಳ್ಳು ಬರೆದು ಹೊಡೆಯುವುದು ಕೀಳು ಕೆಲಸ.

ಗ್ರೂಪ್ ನಡೆಸುವವರಿಗೆ

ಯಲಹಂಕದ ಕೇಂದ್ರೀಯ ವಿಹಾರ್ ಅಪಾರ್ಟ್‌ಮೆಂಟಿಗೆ 2021ರ ನವೆಂಬರಿನಲ್ಲಿ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಮತ್ತೆ ನುಗ್ಗಿತು. ಎರಡು ಸಲವೂ ಜನರನ್ನು ದೋಣಿಯಲ್ಲಿ ಹೊರತಂದರು. ಅದೇ ಕಟ್ಟಡ, ಅದೇ ಗೇಟು, ಅದೇ ಕಂದು ನೀರು. ಮೊದಲನೆಯ ಸಲದ ವಿಡಿಯೊವನ್ನು ಎರಡನೆಯ ಸಲದ್ದು ಎಂದು ತೋರಿಸಿದರೆ ಅಲ್ಲೇ ಇರುವವರೂ ಗುರುತಿಸಲಾರರು. ಮುಂದಿನ ಮಳೆಗಾಲದಲ್ಲಿ ಯಾರೋ ಹಳೆಯದನ್ನು ‘ಈಗ ತಾನೇ ಬಂದದ್ದು’ ಅಂತ ಹಾಕಿದರೆ, ಕೆಲಸಕ್ಕೆ ಹೋದ ಅಮ್ಮ ಮಕ್ಕಳಿಗಾಗಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಗಾಬರಿಯಿಂದ ಗಾಡಿ ಓಡಿಸುತ್ತಾಳೆ. ನಿಜವಾಗಿ ನೀರು ಬಂದ ದಿನ, ಹಳೆಯದಿರಬೇಕು ಬಿಡಿ ಅಂತ ಜನ ಸುಮ್ಮನಾಗುತ್ತಾರೆ. ಈ ಸುಮ್ಮನಾಗುವುದು ಆ ಗಾಬರಿಗಿಂತ ಅಪಾಯ.

ಆದ್ದರಿಂದ ಮಳೆ, ಬೆಂಕಿ, ಅಪಘಾತ, ಕಳ್ಳತನ ಯಾವುದೇ ಇರಲಿ, ದಿನ, ಗಂಟೆ, ಜಾಗ ಬರೆಯದ ವಿಡಿಯೊವನ್ನು ಗ್ರೂಪಿನಲ್ಲಿ ಉಳಿಸಕೂಡದು. ಹಾಕಿದವರು ಎಷ್ಟೇ ದೊಡ್ಡವರಾಗಿರಲಿ, ‘ಸಾರ್, ಇದು ನೀವೇ ತೆಗೆದದ್ದಾ? ಎಷ್ಟು ಹೊತ್ತಿಗೆ?’ ಅಂತ ಅಡ್ಮಿನ್ ಕೇಳಲೇಬೇಕು. ಉತ್ತರ ಬರದಿದ್ದರೆ ಅಳಿಸಿ. ನೀವೇ ಕಣ್ಣಾರೆ ಕಂಡಿದ್ದರೆ ಗ್ರೂಪಿಗಿಂತ ಮೊದಲು 112ಕ್ಕೆ ಫೋನ್ ಮಾಡಿ, ನೀರು ನಿಂತಿದ್ದರೆ ಪಾಲಿಕೆಯ 1533ಕ್ಕೆ. ವಿಡಿಯೊ ಆಮೇಲೆ.

ಇದು ಬರೀ ಶಿಸ್ತಿನ ಮಾತಲ್ಲ, ಈ ಊರು ಬೆಲೆ ತೆತ್ತು ಕಲಿತ ಪಾಠ. 2012ರ ಆಗಸ್ಟಿನಲ್ಲಿ, ಇನ್ನೂ ಎಸ್‌ಎಂಎಸ್ ಕಾಲದಲ್ಲೇ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ವದಂತಿಗೆ ಸಾವಿರಾರು ಹುಡುಗ ಹುಡುಗಿಯರು ಬೆಂಗಳೂರು ಬಿಟ್ಟು ಗುವಾಹಾಟಿ ರೈಲು ಹತ್ತಿದರು. ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಹೋಗದಂತೆ ಕೇಂದ್ರ ಸರ್ಕಾರ ಹದಿನೈದು ದಿನ ಕಟ್ಟು ಹಾಕಬೇಕಾಯಿತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಬಗೆದು ಜನ ಹೊಡೆದು ಕೊಂದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಹೀಗೇ ಸತ್ತರು. ಅದೇ ತಿಂಗಳು ವಾಟ್ಸ್ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿ ಹಾಕುವುದಾಗಿ ಹೇಳಿತು.

ನಮಗೆ ಇನ್ನೂ ಹತ್ತಿರದ್ದು 2020ರ ಆಗಸ್ಟ್ 11ರ ರಾತ್ರಿ. ಫೇಸ್‌ಬುಕ್‌ನ ಒಂದು ಪೋಸ್ಟಿನಿಂದ ಹೊತ್ತಿದ ಬೆಂಕಿ, ಆರ್.ಟಿ. ನಗರಕ್ಕೆ ಅಂಟಿಕೊಂಡಿರುವ ಕಾವಲ್ ಬೈರಸಂದ್ರದಲ್ಲಿ ಶಾಸಕರ ಮನೆಯನ್ನು, ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಪೊಲೀಸ್ ಠಾಣೆ, ವಾಹನಗಳನ್ನು ಸುಟ್ಟಿತು. ಗೋಲಿಬಾರಿನಲ್ಲಿ ಮೂವರು ಸತ್ತರು. ಅದೇ ರಾತ್ರಿ ಡಿ.ಜೆ. ಹಳ್ಳಿಯ ಮುಸ್ಲಿಂ ಯುವಕರು ದೇವಸ್ಥಾನದ ಸುತ್ತ ಕೈಕೈ ಹಿಡಿದು ಕಾವಲು ನಿಂತ ವಿಡಿಯೊ ಕೂಡ ಫೋನಿಂದ ಫೋನಿಗೆ ಹೋಯಿತು. ಎರಡನ್ನೂ ಹೊತ್ತದ್ದು ನಮ್ಮ ಕೈಲಿರುವ ಇದೇ ಯಂತ್ರ.

ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಸಿಟ್ಟು ಕೆರಳಿಸುವ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ‘ನೋಡಿ ಎಂಥವರಿದ್ದಾರೆ’ ಅಂತ ಖಂಡಿಸಲೂ ಕಳಿಸಬೇಡಿ. ಖಂಡನೆಯ ಜೊತೆ ಸಂದೇಶವೂ ಹೋಗುತ್ತದೆ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ನೇ ಕಾನೂನಿನ ಹೊಣೆಗಾರನಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ನಿಜ. ನೆರೆಹೊರೆಯ ಹೊಣೆ ಅದರಿಂದ ಕಳೆಯುವುದಿಲ್ಲ. ರಾತ್ರಿ ಹತ್ತರ ಮೇಲೆ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿಡಿ. ಮನೆಕೆಲಸದವರ, ಸೆಕ್ಯುರಿಟಿಯವರ, ಡೆಲಿವರಿ ಹುಡುಗರ ಫೋಟೊ ಹಾಕಿ ‘ಇವರ ಮೇಲೆ ಅನುಮಾನ’ ಎಂದು ಬರೆಯಲು ಯಾರಿಗೂ ಬಿಡಬೇಡಿ. ಅವರು ಆ ಗ್ರೂಪಿನಲ್ಲಿಲ್ಲ, ಉತ್ತರ ಕೊಡಲಾರರು.

ಯಶವಂತಪುರ ಎಪಿಎಂಸಿಯ ಈರುಳ್ಳಿ, ಆಲೂಗಡ್ಡೆ ದರ ಎಂದು ಓಡಾಡುವ ಸಂದೇಶಗಳಿಗೂ ಇದೇ ನಿಯಮ. ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ದಿನದ ದರ ಸಿಗುತ್ತದೆ. ಅಲ್ಲಿ ನೋಡದೆ ಕಳಿಸಿದ ಒಂದು ಸುಳ್ಳು ಸಂದೇಶಕ್ಕೆ ಲಾರಿ ಹೇರಿಕೊಂಡು ಬಂದ ರೈತ ನಷ್ಟ ಅನುಭವಿಸುತ್ತಾನೆ.

ಫೋನಿನಲ್ಲಿ ಪೊಲೀಸರು ಬಂದರೆ

ಇದನ್ನು ಮನೆಯ ಹಿರಿಯರಿಗೆ ಜೋರಾಗಿ ಓದಿ ಹೇಳಿ. ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲಿ ಇಲ್ಲ. ಭಾರತದ ಯಾವ ಪೊಲೀಸರೂ, ಸಿಬಿಐಯವರೂ, ಇ.ಡಿ.ಯವರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಖಾತೆ ಪರಿಶೀಲನೆಗೆಂದು ಹಣ ಕಳಿಸಿ ಎನ್ನುವುದಿಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಇದನ್ನು ಹೇಳಿದ್ದರು. ಹೇಳಿ ತಿಂಗಳು ತುಂಬುವ ಹೊತ್ತಿಗೆ ನಮ್ಮ ಹೆಬ್ಬಾಳ ಭಾಗದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಇದೇ ಬಲೆಗೆ ಬಿದ್ದು 11 ಕೋಟಿಗೂ ಹೆಚ್ಚು ಕಳೆದುಕೊಂಡರು. ಓದಿದವರು, ಕಂಪ್ಯೂಟರ್ ಬಲ್ಲವರು. ಮೊದಲು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನವರೆಂದು ಒಬ್ಬ, ಆಮೇಲೆ ಮುಂಬೈ ಪೊಲೀಸರೆಂದು ಮತ್ತೊಬ್ಬ. ಆಧಾರ್ ದುರ್ಬಳಕೆ, ಅಕ್ರಮ ಹಣ, ಯಾರಿಗೂ ಹೇಳಕೂಡದು, ಮನೆಯವರನ್ನೂ ಬಂಧಿಸುತ್ತೇವೆ. ದಡ್ಡತನದಿಂದ ಬೀಳುವ ಬಲೆ ಇದಲ್ಲ. ಹೆದರಿಸಿ, ಒಂಟಿ ಮಾಡಿ, ಯೋಚಿಸಲು ಸಮಯ ಕೊಡದೆ ಬೀಳಿಸುವ ಬಲೆ. ಆದ್ದರಿಂದ ಮೋಸ ಹೋದವರನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ದುಡ್ಡು ತಡೆಯುವ ಹೊತ್ತು ಮೀರಿಹೋಗುತ್ತದೆ.

‘ಯಾರಿಗೂ ಹೇಳಬೇಡಿ’ ಎಂದ ಕೂಡಲೇ ಕರೆ ಕತ್ತರಿಸಿ, ಮಗನಿಗೋ ಸೊಸೆಗೋ ಪಕ್ಕದ ಮನೆಯವರಿಗೋ ಹೇಳಿ. ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಮುಂದಿನ ಖಾತೆಗಳಲ್ಲಿ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಬರೆಯುವುದು, ಸೈಬರ್ ಠಾಣೆಗೆ ಹೋಗುವುದು ಅದರ ಬೆನ್ನಿಗೆ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಕಳಿಸಿದವರು ಸೋದರಮಾವನೇ ಆಗಿದ್ದರೂ ಅಷ್ಟೆ, ಅವರ ಫೋನೂ ಕಳ್ಳರ ಕೈಲಿರಬಹುದು.

ರೀಲ್ಸ್ ಮಾಡುವವರಿಗೆ

ಮೆಟ್ರೊದಲ್ಲಿ, ಬಸ್ಸಿನಲ್ಲಿ, ಹೆಬ್ಬಾಳ ಕೆರೆಯ ದಂಡೆಯಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ತಿಳಿಯದಂತೆ ಚಿತ್ರೀಕರಿಸಕೂಡದು. ನಮ್ಮ ಮೆಟ್ರೊದಲ್ಲಿ ಹೀಗೆ ತೆಗೆದ ವಿಡಿಯೊಗಳನ್ನು ಹಾಕುತ್ತಿದ್ದ ಇನ್‌ಸ್ಟಾಗ್ರಾಂ ಖಾತೆಯ ಮೇಲೆ 2025ರ ಮೇ ತಿಂಗಳಲ್ಲಿ ಬೆಂಗಳೂರು ಪೊಲೀಸರು ಮೊಕದ್ದಮೆ ಹೂಡಿದರು. ಅಂಥ ಖಾತೆಯನ್ನು ಫಾಲೋ ಮಾಡುವುದೂ ಅದಕ್ಕೆ ಬೆಂಬಲವೇ.

ಬಳ್ಳಾರಿ ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ವೀಲಿಂಗ್ ಬೇಡ. 2024ರ ಆಗಸ್ಟಿನಲ್ಲಿ ನೆಲಮಂಗಲದ ಬಳಿ ರೋಸಿಹೋದ ಜನ ವೀಲಿಂಗ್ ಮಾಡುತ್ತಿದ್ದವರ ಸ್ಕೂಟರುಗಳನ್ನು ಮೇಲುಸೇತುವೆಯಿಂದ ಕೆಳಗೆ ಎಸೆದರು. ಆ ವಿಡಿಯೊಗೆ ಚಪ್ಪಾಳೆಯೂ ಬಿತ್ತು. ಕೆಳಗಿನ ರಸ್ತೆಯಲ್ಲೂ ಜನ ಓಡಾಡುತ್ತಾರೆ. ಹಾಗೆ ಎಸೆದದ್ದಕ್ಕೂ ಚಪ್ಪಾಳೆ ತಟ್ಟಬೇಡಿ.

ಹೋಟೆಲು, ಸೀರೆ ಅಂಗಡಿ, ಸೈಟು, ಫೇಸ್ ಕ್ರೀಂ, ಯಾವುದರ ಬಗ್ಗೆಯೇ ಆಗಲಿ ದುಡ್ಡೋ, ಬಿಟ್ಟಿ ಊಟವೋ, ಉಡುಗೊರೆಯೋ ಪಡೆದು ಹೊಗಳಿದರೆ ಅದು ಜಾಹೀರಾತು ಅಂತ ಹೇಳಲೇಬೇಕು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ದಾರಿ ತಪ್ಪಿಸುವ ಪ್ರಚಾರಕ್ಕೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಹೊಗಳುವ ಭಾಷೆಯಲ್ಲೇ ತಿಳಿಸಬೇಕೆಂಬ ಮಾತೂ ಅದರಲ್ಲಿದೆ. ಅಂದರೆ ಕನ್ನಡದಲ್ಲಿ ರೀಲ್ ಮಾಡಿದವರು ಕನ್ನಡದಲ್ಲೇ ‘ಜಾಹೀರಾತು’ ಎಂದು ಮೊದಲಿಗೇ, ಕಾಣುವ ಹಾಗೆ ಬರೆಯಬೇಕು. ಕೊನೆಯ ಹ್ಯಾಶ್‌ಟ್ಯಾಗಿನ ಸಂದಿಯಲ್ಲಿ ತುರುಕುವುದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟದ ಪ್ರಚಾರವಂತೂ 2025ರ ಕಾಯ್ದೆಯ ಪ್ರಕಾರ ಜೈಲಿಗೆ ಕಳಿಸಬಹುದಾದ ಅಪರಾಧ. ಎಷ್ಟೇ ಕೊಟ್ಟರೂ ಮುಟ್ಟಬೇಡಿ.

ದೊಡ್ಡ ಬ್ರ್ಯಾಂಡುಗಳಿಗೆ, ಅವುಗಳ ಅಭಿಮಾನಿಗಳಿಗೆ

ಯಶವಂತಪುರದ ಕಡೆ ಹೋಗುವಾಗ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣದ ಹೆಸರು ಕೂಗುತ್ತಾರೆ. ಒಂದು ಸಾಬೂನಿನ ಹೆಸರು ನಿಲ್ದಾಣದ ಹೆಸರಾಗಿದೆ ಅಂದರೆ ಆ ಬ್ರ್ಯಾಂಡು ಜನರದ್ದೂ ಹೌದು. 2025ರ ಮೇ 22ರಂದು ಮೈಸೂರು ಸ್ಯಾಂಡಲ್‌ಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದ ಆದೇಶ ಹೊರಬಿತ್ತು. ಕನ್ನಡದ ನಟಿಯರಿಲ್ಲವೇ ಎಂಬ ಪ್ರಶ್ನೆ ಜಾಲತಾಣಗಳಲ್ಲಿ ಎದ್ದಿತು. ಕರ್ನಾಟಕದ ಆಚೆಗೆ ಮಾರುಕಟ್ಟೆ ಹಿಡಿಯಲು ಈ ಆಯ್ಕೆ ಎಂದು ಸಚಿವ ಎಂ.ಬಿ. ಪಾಟೀಲರು ವಿವರಿಸಿದ್ದು ಗಲಾಟೆ ಶುರುವಾದ ಮೇಲೆ. ಜನರ ಹೆಸರಿನಲ್ಲಿ ನಡೆಯುವ ಬ್ರ್ಯಾಂಡು ಇಂಥ ತೀರ್ಮಾನದ ಕಾರಣವನ್ನು ತೀರ್ಮಾನದ ಜೊತೆಗೇ, ಕನ್ನಡದಲ್ಲಿ ಹೇಳಬೇಕು.

ಅಭಿಮಾನಿಗಳಿಗೂ ಒಂದು ಮಾತಿದೆ. 2023ರ ಏಪ್ರಿಲ್ 5ರಂದು ಅಮುಲ್ ತನ್ನ ಹಾಲು, ಮೊಸರು ಬೆಂಗಳೂರಿಗೆ ಬರಲಿದೆ ಎಂದು ಟ್ವೀಟ್ ಮಾಡಿದಾಗ ‘ಸೇವ್ ನಂದಿನಿ’ ಹ್ಯಾಶ್‌ಟ್ಯಾಗ್ ನಾಡೆಲ್ಲ ಹರಡಿತು. ನಂದಿನಿಯ ಮದರ್ ಡೇರಿ ಇರುವುದು ನಮ್ಮ ಯಲಹಂಕದಲ್ಲೇ, ಹಾಗಾಗಿ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಿಟ್ಟು ಕಂಪನಿಯ ಮೇಲಿರಲಿ. ಸಂಬಳಕ್ಕೆ ಗಲ್ಲಾದಲ್ಲಿ ಕೂತ ಹುಡುಗನ ಮುಖಕ್ಕೆ ಕ್ಯಾಮೆರಾ ಹಿಡಿದು ದಬಾಯಿಸಿ, ಅದನ್ನು ಅಪ್‌ಲೋಡ್ ಮಾಡುವುದು ಹೋರಾಟವಲ್ಲ. ಯಾವ ಅಂಗಡಿಯ ಬಗ್ಗೆ ದೂರಿದ್ದರೂ ಏನು ಕೊಂಡಿರಿ, ಯಾವತ್ತು, ಏನು ಕೆಟ್ಟಿತ್ತು ಎಂಬುದನ್ನು ಬಿಲ್ಲಿನ ಜೊತೆ ಬರೆಯಿರಿ. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಜನ ಸೇರಿಸುವ ಪೋಸ್ಟ್ ಹಾಕುವವರಿಗೆ ಇನ್ನೂ ಕಟ್ಟುನಿಟ್ಟು. 2025ರ ಜೂನ್ 4ರ ಬೆಳಿಗ್ಗೆ ಏಳರಿಂದಲೇ ಐಪಿಎಲ್ ಗೆದ್ದ ಆರ್‌ಸಿಬಿಯ ಖಾತೆಗಳಿಂದ ವಿಜಯೋತ್ಸವದ ಕರೆ ಹೋಯಿತು. ಮೆರವಣಿಗೆ ಇಲ್ಲ ಎಂದು ಹನ್ನೆರಡರ ಸುಮಾರಿಗೆ ಪೊಲೀಸರು ತಿಳಿಸಿದರು. ಮಧ್ಯಾಹ್ನ ಮೂರರ ನಂತರ ಮೆರವಣಿಗೆ ಇದೆ, ಉಚಿತ ಪಾಸ್ ಇದೆ ಎಂದು ತಂಡದ ಖಾತೆಯಲ್ಲಿ ಮತ್ತೆ ಬಂತು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಅಂಗಡಿಯ ಉದ್ಘಾಟನೆಗೆ ಒಂದು ರೂಪಾಯಿಗೆ ಬಿರಿಯಾನಿ ಎಂದು ರೀಲ್ ಬಿಡುವವರೂ ಇದನ್ನು ನೆನಪಿಡಬೇಕು. ಎಷ್ಟು ಜನ ಬಂದಾರು, ಎಲ್ಲಿ ನಿಲ್ಲುತ್ತಾರೆ, ಪೊಲೀಸರ ಅನುಮತಿ ಇದೆಯೇ, ಈ ಮೂರಕ್ಕೆ ಉತ್ತರ ಕೈಲಿ ಇಲ್ಲದೆ ಕರೆಯ ಪೋಸ್ಟ್ ಹಾಕಕೂಡದು. ಹೋಗುವವರು, ಮಕ್ಕಳನ್ನು ಕಟ್ಟಿಕೊಂಡು ಹೊರಡುವ ಮೊದಲು ಪೊಲೀಸರ ಖಾತೆಯಲ್ಲಿ ಏನಿದೆ ನೋಡಿ.

ಫೋನ್ ಕಳೆದರೆ

ಯಶವಂತಪುರ ರೈಲು ನಿಲ್ದಾಣದಲ್ಲಿ, ತುಂಬಿದ ಬಿಎಂಟಿಸಿ ಬಸ್ಸಿನಲ್ಲಿ ಜೇಬಿನಿಂದ ಫೋನ್ ಹೋದರೆ ಹುಡುಕುತ್ತಾ ನಿಲ್ಲಬೇಡಿ. ಬೇರೆಯವರ ಫೋನಿನಿಂದ ಮೊದಲು ಸಿಮ್ ನಿಲ್ಲಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ, ಅದೇ ನಂಬರಿನ ಹೊಸ ಸಿಮ್ ಪಡೆದು, ಸಂಚಾರ್ ಸಾಥಿ ತಾಣದ ಸಿಇಐಆರ್ ವಿಭಾಗದಲ್ಲಿ ಫೋನನ್ನೇ ಬ್ಲಾಕ್ ಮಾಡಿಸಿ. ಅದಕ್ಕೆ ಐಎಂಇಐ ಸಂಖ್ಯೆ ಬೇಕು. ಫೋನ್ ಕೈಲಿರುವಾಗಲೇ *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಮನೆಯಲ್ಲಿರುವ ಎಲ್ಲರ ಫೋನಿನದ್ದೂ ಇವತ್ತೇ ಒಂದು ಕಾಗದದಲ್ಲಿ ಬರೆದು, ಫೋನ್ ಕೊಂಡ ಬಿಲ್ಲಿನ ಜೊತೆ ಬೀರುವಿನಲ್ಲಿಡಿ.